ಮೊದಲು ಬಿಸಿಬೇಳೆಬಾತಿನ ಪುಟ

ಹೆಂಡತಿಗೆ ಹಾಸನಕ್ಕೆ ವರ್ಗವಾದಾಗ ಮೈಸೂರಿನ ಮನೆಯಲ್ಲಿ ಉಳಿದವರು ನಾನು, ಒಂಬತ್ತನೇ ಕ್ಲಾಸಿನ ಮಗ. ಅಲ್ಲಿಯವರೆಗೆ ನನಗೆ ಬರುತ್ತಿದ್ದದ್ದು ಕಾಫಿ, ಉಪ್ಪಿಟ್ಟು ಅಷ್ಟೇ. ಅಮ್ಮನಿಗೆ ಫೋನ್ ಮಾಡಿ ಹುಳಿಗೆ ಎಷ್ಟು ಹುಣಸೆಹಣ್ಣು ಎಂದು ಕೇಳಿದರೆ, "ಒಂದಿಷ್ಟು ಹಾಕೋ, ಅದಕ್ಕೇನು ಲೆಕ್ಕ" ಅನ್ನುತ್ತಿದ್ದಳು. ಐವತ್ತು ವರ್ಷ ಅಡುಗೆ ಮಾಡಿದ ಅವಳ ಕೈಗೆ 'ಒಂದಿಷ್ಟು' ಎಂದರೆ ಎಷ್ಟು ಅಂತ ಗೊತ್ತು, ನನ್ನ ಕೈಗೆ ಗೊತ್ತಿಲ್ಲ. ಹಾಗಾಗಿ ಪುಸ್ತಕದಂಗಡಿಗೆ ಹೋದೆ.

ಮೊದಲು ಕೊಂಡದ್ದು ದಪ್ಪನೆಯ, ನುಣುಪು ಕಾಗದದ, ಪುಟಕ್ಕೊಂದು ಫೋಟೊ ಇದ್ದ ಪುಸ್ತಕ. ದೀಪಾವಳಿಗೆ ಅದನ್ನು ಎದುರಿಗಿಟ್ಟುಕೊಂಡು ಮೈಸೂರು ಪಾಕಿಗೆ ಕೂತೆ. ಒಂದು ಲೋಟ ಕಡಲೆಹಿಟ್ಟು, ಎರಡು ಲೋಟ ಸಕ್ಕರೆ, ಎರಡು ಲೋಟ ತುಪ್ಪ, ಅಳತೆಯಲ್ಲಿ ತಪ್ಪಿರಲಿಲ್ಲ. ಆದರೆ 'ಪಾಕವನ್ನು 10 ನಿಮಿಷ ಕುದಿಸಿ' ಎಂದು ಬರೆದಿತ್ತು. ನನ್ನದು ಅಗಲ ಬಾಣಲೆ, ಉರಿಯೂ ಜೋರು. ಹತ್ತು ನಿಮಿಷದೊಳಗೆ ನೀರೆಲ್ಲ ಇಂಗಿ ಪಾಕ ಒಂದೆಳೆ ದಾಟಿ ಎಲ್ಲೋ ಹೋಗಿತ್ತು. ತಟ್ಟೆಗೆ ಸುರಿದದ್ದಕ್ಕೆ ಚಾಕು ಇಳಿಯಲಿಲ್ಲ. ಮಗ ಕುಟ್ಟಾಣಿಯಿಂದ ಒಡೆದು ಒಂದು ವಾರ ಚೀಪಿದ.

ಆಮೇಲೆ ಸಿಕ್ಕಿದ ಇನ್ನೊಂದು ಪುಸ್ತಕದಲ್ಲಿ ಫೋಟೊ ಒಂದೂ ಇರಲಿಲ್ಲ, ಕಾಗದವೂ ಹಳದಿ. ಆದರೆ ಅದರಲ್ಲಿ ಹೀಗಿತ್ತು: ಪಾಕದ ಹನಿಯನ್ನು ಬೆರಳುಗಳ ನಡುವೆ ಒತ್ತಿ ಬಿಡಿಸಿದರೆ ಒಂದೆಳೆ ನಿಲ್ಲಬೇಕು, ತುಪ್ಪ ಪಕ್ಕದ ಒಲೆಯ ಮೇಲೆ ಬಿಸಿಯಾಗಿಯೇ ಇರಬೇಕು, ಸುರಿದ ಕೂಡಲೇ ಚೊಂಯ್ ಎಂದು ನೊರೆಯೇಳಬೇಕು, ಹಿಟ್ಟು ಬಾಣಲೆಯ ಅಂಚು ಬಿಟ್ಟು ಗೂಡುಗೂಡಾದ ತಕ್ಷಣ ಇಳಿಸಬೇಕು. ಇದನ್ನು ಬರೆದವರು ಒಲೆ ಮುಂದೆ ನಿಂತು ಬೆವರಿದವರು ಎಂದು ಗೊತ್ತಾಯಿತು. ಮುಂದಿನ ಸಲ ಪಾಕು ಕೂತಿತು. ನಡುವೆ ಜಾಲರಿ ಬಂದಿತ್ತು, ಬಣ್ಣ ಮಾತ್ರ ಒಂಚೂರು ಹೆಚ್ಚಾಗಿತ್ತು.

ಅಲ್ಲಿಂದ ಒಂದು ಅಭ್ಯಾಸ ಮಾಡಿಕೊಂಡೆ. ಅಂಗಡಿಯಲ್ಲಿ ಪುಸ್ತಕ ಕೈಗೆತ್ತಿಕೊಂಡರೆ ಹೊಸ ತಿಂಡಿಯ ಪುಟ ನೋಡುವುದಿಲ್ಲ. ನನಗೆ ಚೆನ್ನಾಗಿ ಬರುವ ಒಂದು ಅಡುಗೆ, ಈಗ ಅದು ಬಿಸಿಬೇಳೆಬಾತು, ಅದರ ಪುಟ ತೆಗೆಯುತ್ತೇನೆ. ಪುಡಿಗೆ ಮರಾಠಿಮೊಗ್ಗು, ಕೊಬ್ಬರಿ ಬಂದಿದೆಯೇ? 'ಗರಂ ಮಸಾಲೆ 2 ಚಮಚ' ಎಂದು ತೇಲಿಸಿದ್ದರೆ ಅಲ್ಲೇ ಮುಚ್ಚಿ ಇಡುತ್ತೇನೆ. 'ಆರಿದ ಮೇಲೆ ಗಟ್ಟಿಯಾಗುತ್ತದೆ, ಇಳಿಸುವಾಗ ಗಂಜಿಯ ಹಾಗೆ ತೆಳ್ಳಗಿರಲಿ' ಎಂಬ ಒಂದು ಸಾಲು ಇದ್ದರೆ ಬೆಲೆ ಕೂಡ ನೋಡುವುದಿಲ್ಲ. ಗೊತ್ತಿರುವ ಅಡುಗೆಯಲ್ಲಿ ನಂಬಿಕೆ ಬಂದರೆ ಗೊತ್ತಿಲ್ಲದ್ದನ್ನೂ ಅವರ ಮಾತಿನ ಮೇಲೆ ಮಾಡಬಹುದು.

ಎರಡನೆಯದಾಗಿ ನೋಡುವುದು ಮೆಣಸಿನಕಾಯಿ. '10 ಒಣಮೆಣಸಿನಕಾಯಿ' ಎಂದಷ್ಟೇ ಬರೆದರೆ ಯಾವುದು? ಬ್ಯಾಡಗಿ ಬಣ್ಣಕ್ಕೆ, ಗುಂಟೂರು ಖಾರಕ್ಕೆ. ಇದು ತಿಳಿಯದೆ ಒಂದು ಸಲ ಗುಂಟೂರಿನ ಹತ್ತು ಹುರಿದು ಸಾರಿನಪುಡಿ ಮಾಡಿದ್ದೆ. ಶನಿವಾರ ಊರಿಗೆ ಬಂದ ಹೆಂಡತಿ ಎರಡು ತುತ್ತು ಉಂಡು ಬಿಕ್ಕಳಿಸುತ್ತಾ, "ಪುಸ್ತಕದಲ್ಲಿ ಹಿಂಗೇ ಇತ್ತೇನ್ರೀ?" ಎಂದಳು. ಇತ್ತು.

ಹಳೆಯ ಪುಸ್ತಕಗಳಲ್ಲಿ ಅಳತೆಯದೇ ಒಂದು ತಕರಾರು. ಬೆಂಗಳೂರಿನ ಅವೆನ್ಯೂ ರಸ್ತೆಯಲ್ಲಿ ಸಿಕ್ಕ, ಹೊದಿಕೆ ಹರಿದ ಒಂದರಲ್ಲಿ ಎಲ್ಲವೂ ಪಾವು, ಚಟಾಕು. ಅಮ್ಮನ ಹಿತ್ತಾಳೆ ಪಾವು ತಂದು ತಕ್ಕಡಿಗಿಟ್ಟೆ. ಅಕ್ಕಿ ಹಾಕಿದರೆ 210 ಗ್ರಾಂ; ಅದೇ ಪಾವಿಗೆ ಅವಲಕ್ಕಿ ತುಂಬಿದರೆ ನೂರೂ ದಾಟಲಿಲ್ಲ. ಪಾವಿಗೊಂದು ಗ್ರಾಂ ಲೆಕ್ಕ ಹಿಡಿದು ಎಲ್ಲಕ್ಕೂ ಹಚ್ಚಿದ್ದರೆ ಕೆಟ್ಟೆ. ಈಗ ಆ ಪುಸ್ತಕದ ಜೊತೆ ಪಾವನ್ನೂ ಕಪಾಟಿನಲ್ಲೇ ಇಟ್ಟಿದ್ದೇನೆ. ತಮಿಳಿನ ಎಸ್. ಮೀನಾಕ್ಷಿ ಅಮ್ಮಾಳ್ 1951ರಲ್ಲಿ ತಂದ 'ಸಮೈತ್ತು ಪಾರ್' ಅನ್ನು ಇಂಗ್ಲಿಷಿನಲ್ಲಿ ಓದಿದೆ. ಮದುವೆಯಾದ ಹುಡುಗಿಯರಿಗೆ ಉಡುಗೊರೆ ಕೊಡುತ್ತಿದ್ದ ಪುಸ್ತಕವಂತೆ. ನಲವತ್ತಾರು ದಾಟಿದ ಗಂಡಸಿಗೂ ಅದು ಅಷ್ಟೇ ಉಪಕಾರ ಮಾಡಿತು.

ಎಲ್ಲವನ್ನೂ ಮಾಡಲೆಂದೇ ಓದುವುದಿಲ್ಲ. ರಾತ್ರಿ ಮಲಗುವ ಮುಂಚೆ ನಾಲ್ಕು ಪುಟ ಓದಿದರೆ ಒಳ್ಳೆ ನಿದ್ದೆ. ಕೊಡಗಿನ ಪಂದಿಕರಿ, ಅಂದರೆ ಹಂದಿಮಾಂಸದ ಸಾರು, ನಮ್ಮನೆಯಲ್ಲಿ ಬೇಯುವುದಿಲ್ಲ, ಆದರೂ ಅದಕ್ಕೆ ಕಾಚಂಪುಳಿ ಎಂಬ ಕಪ್ಪು ಹುಳಿರಸ ಬೀಳುವ ಹೊತ್ತನ್ನು ಓದುವಾಗ ಬಾಯಲ್ಲಿ ನೀರೂರುತ್ತದೆ. ಮೂರನೆಯ ಮಂಗರಸನ 'ಸೂಪಶಾಸ್ತ್ರ'ವನ್ನು ಹೀಗೇ ಸ್ವಲ್ಪ ಸ್ವಲ್ಪ ಓದಿದೆ. 16ನೇ ಶತಮಾನದ ಆರಂಭದ್ದು, ಷಟ್ಪದಿಯಲ್ಲಿ ಅಡುಗೆ. ಬದನೆಕಾಯಿಯನ್ನು ಎಷ್ಟು ಬಗೆಯಲ್ಲಿ ಮಾಡಬಹುದೆಂದು ಆತ ಹೇಳುತ್ತಾ ಹೋಗುವುದನ್ನು ನೋಡಿದರೆ ನಮ್ಮ ಎಣ್ಣೆಗಾಯಿಯ ಜಂಬ ಇಳಿಯುತ್ತದೆ. ಮೆಣಸಿನಕಾಯಿ ನಮ್ಮ ಅಡುಗೆಮನೆಗೆ ಇನ್ನೂ ಬಂದಿರದ ಕಾಲ. ಬ್ಯಾಡಗಿಯೋ ಗುಂಟೂರೋ ಎಂಬ ರಗಳೆ ಅವನಿಗಿರಲಿಲ್ಲ.

ಮಾಡಿದ್ದಕ್ಕೆಲ್ಲ ಅಂಚಿನಲ್ಲಿ ಪೆನ್ಸಿಲಿನಿಂದ ಗುರುತು ಹಾಕುತ್ತೇನೆ: ತಾರೀಖು, ಎಷ್ಟು ಜನ ಉಂಡರು, ಏನು ಹೆಚ್ಚುಕಮ್ಮಿಯಾಯಿತು. 'ಉಪ್ಪು ಕಾಲು ಚಮಚ ಕಮ್ಮಿ.' 'ಕುಕ್ಕರ್ 3 ಕೂಗು ಸಾಕು.' 'ಮಗ ಮುಟ್ಟಲಿಲ್ಲ.' ಕಲೆ ಬಿದ್ದ ಪುಟಗಳೇ ನನ್ನ ಪರಿವಿಡಿ, ಅರಿಸಿನದ ಬೆರಳಚ್ಚು ನೋಡಿ ಹುಳಿಯ ಪುಟ ತೆಗೆಯುತ್ತೇನೆ. ಮೂರು ವರ್ಷದಲ್ಲಿ ಒಂದು ಕಲೆಯೂ ಬೀಳದ ಪುಸ್ತಕವನ್ನು ಯಾರಿಗಾದರೂ ಕೊಟ್ಟುಬಿಡುತ್ತೇನೆ. ಆ ನುಣುಪು ಕಾಗದದ್ದು ಹಾಗೇ ಹೋಯಿತು.

ಕಲೆ ಬಿದ್ದದ್ದನ್ನು ಕೊಡುವುದಿಲ್ಲ. ಒಂದೇ ಒಂದು ಸಲ, ಬಳ್ಳಾರಿ ಕಡೆಯ ಸಹೋದ್ಯೋಗಿಯೊಬ್ಬರಿಗೆ ಆ ಹಳದಿ ಕಾಗದದ ಪುಸ್ತಕ ಕೊಟ್ಟಿದ್ದೆ. ಎರಡು ತಿಂಗಳಿಗೆ ವಾಪಸು ಬಂತು. ಸಾರಿನ ಪುಟದಲ್ಲಿ, ನನ್ನ ಗುರುತಿನ ಕೆಳಗೆ, ನೀಲಿ ಇಂಕಿನಲ್ಲಿ ಅವರು ಬರೆದಿದ್ದರು: 'ಸಾರಿಗೆ ಬೆಲ್ಲ ಯಾಕ್ ಹಾಕ್ತೀರಿ ಸಾರ್?' ನಾನು ಪೆನ್ಸಿಲ್ ತಗೊಂಡು ಅದರ ಕೆಳಗೆ 'ಬೇಕು' ಎಂದು ಬರೆದೆ. ಮುಂದಿನ ತಿಂಗಳು ಮತ್ತೆ ಪುಸ್ತಕ ಕೇಳಿದ್ದಾರೆ.