ಹಿನ್ನೀರು 6 ದಿನ, ಮನೆ ರಿಪೇರಿ 11 ತಿಂಗಳು: ಹ್ಯೂಸ್ಟನ್‌ನಲ್ಲಿ ನನ್ನ ಅನುಭವ

2017ರ ಆಗಸ್ಟ್ 25ಕ್ಕೆ ಹಾರ್ವೆ ಚಂಡಮಾರುತ ಟೆಕ್ಸಸ್‌ಗೆ ಬಡಿದಾಗ ನಾವು ಹೆದರಿದ್ದು ಗಾಳಿಗೆ. ಗಾಳಿ ಏನೂ ಮಾಡ್ಲಿಲ್ಲ. ಮೋಡ ಊರ ಮೇಲೇ ಕೂತ್ಬಿಡ್ತು, ದಿನಗಟ್ಟಲೆ ಸುರೀತು, ಬಾರ್ಕರ್ ಡ್ಯಾಮಿನ ಹಿನ್ನೀರು ನಮ್ಮ ಲೇಔಟಿಗೇ ಬಂತು. 1940ರ ದಶಕದಲ್ಲಿ ಪ್ರವಾಹ ತಡೆಯೋಕೆ ಅಂತಲೇ ಕಟ್ಟಿದ ಡ್ಯಾಮು ಅದು, ಮಾಮೂಲಿ ದಿನದಲ್ಲಿ ಒಳಗೆ ನೀರೇ ಇರಲ್ಲ, ಪಾರ್ಕಿದೆ, ಹಂಗಾಗಿ ಹಿನ್ನೀರು ನಿಲ್ಲೋ ಜಾಗದಲ್ಲೇ ಮನೆ ತಗೊಂಡಿದೀವಿ ಅಂತ ನಮಗೆ ಗೊತ್ತಾಗಿದ್ದು ಹಾಲ್‌ನಲ್ಲಿ ಎರಡಡಿ ನೀರು ನಿಂತ್ಮೇಲೆ. ನಮ್ಮಜ್ಜಿ ಲಿಂಗನಮಕ್ಕಿ ಮುಳುಗಡೇಲಿ ಮನೆ ಬಿಟ್ಟು ಬಂದೋರು. ಸಾಗರದಿಂದ ಅಮ್ಮ ಫೋನಲ್ಲಿ, "ಅಮೆರಿಕಕ್ಕೆ ಹೋದ್ರೂ ನಿಮಗೆ ಹಿನ್ನೀರು ತಪ್ಪಲಿಲ್ವಲ್ಲ ಮಾರಾಯ" ಅಂದ್ರು.

ಆರು ದಿನಕ್ಕೆ ನೀರು ಇಳೀತು. ನಾನು ಮಾಡಿದ ಮೊದಲ ತಪ್ಪು, ಊರಲ್ಲಿ ಮಾಡೋ ಹಾಗೆ ಕಿಟಕಿ ಬಾಗಿಲೆಲ್ಲ ತೆಗೆದಿಟ್ಟಿದ್ದು. ಹ್ಯೂಸ್ಟನ್ ಸೆಕೆಯಲ್ಲಿ ಹೊರಗಿನ ಗಾಳೀನೇ ಒದ್ದೆ, ಒಣಗೋದೆಲ್ಲಿಂದ? ಎರಡು ದಿನದಲ್ಲಿ ಗೋಡೆಗೆ ಕರೀ ಬೂಷ್ಟು. ಆಮೇಲೆ ಎಲ್ಲಾ ಮುಚ್ಚಿ ಗಾಳಿಯ ತೇವ ಹೀರೋ ಮಷೀನು, ಡಿಹ್ಯುಮಿಡಿಫೈಯರ್, ಹಾಕ್ಬೇಕು ಅಂತ ತಿಳೀತು, ಆದ್ರೆ ಇಡೀ ಊರಲ್ಲಿ ಸ್ಟಾಕ್ ಇಲ್ಲ, ಡಲ್ಲಾಸಿನ ಕನ್ನಡದ ಗೆಳೆಯನೊಬ್ಬ ಕಾರಲ್ಲಿ ಎರಡು ಹಾಕ್ಕೊಂಡು ಬಂದ.

ಇಲ್ಲಿನ ಗೋಡೆ ಅಂದ್ರೆ ಮರದ ಚೌಕಟ್ಟು, ಮೇಲೆ ಕಾಗದ ಅಂಟಿಸಿದ ಜಿಪ್ಸಮ್ ಹಲಗೆ, ಮಧ್ಯೆ ಬಿಸಿ-ಚಳಿ ತಡೆಯೋ ಹತ್ತಿ ಥರದ ಇನ್ಸುಲೇಷನ್. ನೀರು ನಿಂತಿದ್ದು ಎರಡಡಿ ಆದ್ರೂ ಅದು ದೀಪದ ಬತ್ತಿ ಹಾಗೆ ಮೇಲಕ್ಕೆ ಎಳ್ಕೊಂಡಿರತ್ತೆ, ಅದಕ್ಕೆ ನಾಲ್ಕಡಿವರೆಗೂ ಕತ್ತರಿಸಿ ತೆಗೆದ್ವಿ. ಹಲಗೆ ಬರೋದೂ ನಾಲ್ಕಡಿ ಅಗಲ, ಹೊಸದು ಸರಿಯಾಗಿ ಕೂರತ್ತೆ. ಬಿಸಾಡೋ ಮುಂಚೆ ಪ್ರತೀ ಸಾಮಾನಿಂದೂ ಫೋಟೋ ತಗೊಂಡೆ, ಫ್ರಿಜ್ಜಿನ ಸೀರಿಯಲ್ ನಂಬರ್ ಸಮೇತ. ನಮ್ಮವಳು ಹುಚ್ಚು ಅಂದ್ಲು, ಆಮೇಲೆ ಸಹಾಯಧನದ ಅರ್ಜಿ ತುಂಬುವಾಗ ಅವಳೇ ಆ ಫೋಟೋ ಹುಡುಕಿದ್ದು.

ಮೂರು ವಾರಕ್ಕೆ ಕಂಟ್ರಾಕ್ಟರ್ ಗೋಡೆ ಮುಚ್ಚೋಣ ಅಂದ, ಮೇಲಿಂದ ಮುಟ್ಟಿದ್ರೆ ಒಣಗೇ ಇತ್ತು. ತೇವ ಅಳೆಯೋ ಮೀಟರ್ ತಂದು ಮರಕ್ಕೆ ಚುಚ್ಚಿದ್ರೆ 22 ಪರ್ಸೆಂಟ್, ಅಡಿಗೆಮನೆ ಕ್ಯಾಬಿನೆಟ್ ಹಿಂದೆ ಇನ್ನೂ ಜಾಸ್ತಿ. 15ಕ್ಕಿಂತ ಕೆಳಗೆ ಇಳಿಯೋತನಕ ಮುಟ್ಬೇಡ ಅಂದೆ, ಅವನು ಮುನಿಸ್ಕೊಂಡು ಬೇರೆ ಕೆಲಸಕ್ಕೆ ಹೋದ, ವಾಪಸ್ ಬಂದಿದ್ದು ನವೆಂಬರಲ್ಲಿ. ಆ ಗ್ಯಾಪಲ್ಲಿ ನಾನೇ ತಂತಿ ಬ್ರಷ್ಷು, ಸೋಪು ಹಿಡ್ಕೊಂಡು ಒಂದೊಂದೇ ಮರ ಉಜ್ಜಿದೆ, ಮೊಣಕೈ ನೋವು ಇವತ್ತಿಗೂ ಇದೆ. ಪಕ್ಕದ ಬೀದಿಯೋರು ಬೇಗ ಮುಚ್ಚಿದ್ರು, ಜನವರಿಲಿ ವಾಸನೆ ತಡೀಲಾರದೆ ಪೇಂಟ್ ಮಾಡಿದ ಗೋಡೇನೇ ಮತ್ತೆ ಒಡೆದ್ರು.

ದುಡ್ಡಿನ ಕಥೆ ಕೇಳ್ಬೇಡಿ. ಮಾಮೂಲಿ ಮನೆ ಇನ್ಶೂರೆನ್ಸಲ್ಲಿ ಪ್ರವಾಹ ಬರಲ್ಲ, ಅದಕ್ಕೆ ಬೇರೆ ಪಾಲಿಸಿ ಬೇಕು, ಸಾಲ ಕೊಟ್ಟ ಬ್ಯಾಂಕ್ ಕಡ್ಡಾಯ ಮಾಡಿರ್ಲಿಲ್ಲ, ನಾವೂ ತಗೊಂಡಿರ್ಲಿಲ್ಲ. ಇಲ್ಲಿನ ಕೇಂದ್ರ ಸರ್ಕಾರದ ವಿಪತ್ತು ಪರಿಹಾರ ಸಂಸ್ಥೆ ಫೆಮಾ ಕೊಡೋ ಸಹಾಯಧನಕ್ಕೆ ಮಿತಿ ಆಗ ಸುಮಾರು 33,000 ಡಾಲರ್, ನಮಗೆ ಅಷ್ಟೂ ಸಿಗ್ಲಿಲ್ಲ. ಉಳಿದಿದ್ದಕ್ಕೆ ಸರ್ಕಾರದ ಎಸ್‌ಬಿಎ (ಹೆಸರಿಗೆ ಸಣ್ಣ ಉದ್ದಿಮೆಗಳ ಸಂಸ್ಥೆ, ವಿಪತ್ತಾದ್ರೆ ಮನೆಯೋರಿಗೂ ಸಾಲ ಕೊಡತ್ತೆ) ಸಾಲ, ಅದೂ ಕಂತುಕಂತಾಗಿ ಬರತ್ತೆ, ಕೆಲಸದೋನು ಮಾತ್ರ ಕಂತಿಗೆ ಕಾಯಲ್ಲ. 2019ರ ಡಿಸೆಂಬರಲ್ಲಿ ಕೋರ್ಟು ಡ್ಯಾಮಿನ ಹಿನ್ನೀರಿಗೆ ಸರ್ಕಾರವೇ ಹೊಣೆ ಅಂತು, ಬೀದಿಲೆಲ್ಲ ಖುಷಿ, ಆದ್ರೆ ಸಾಲದ ಕಂತು ಆ ತಿಂಗಳೂ ಕಟ್ಟಿದ್ವಿ.

ಮನೆಗೆ ವಾಪಸ್ ಹೋಗಿದ್ದು 2018ರ ಜುಲೈಲಿ. ಮಗಳಿಗೆ ಆಗ 7 ವರ್ಷ, ಜೋರು ಮಳೆ ಬಂದ್ರೆ ಸಾಕು, ಶೂ, ಸ್ಕೂಲ್ ಬ್ಯಾಗು ಎಲ್ಲಾ ಎತ್ಕೊಂಡು ಮಹಡಿಗೆ ಹೋಗೋಳು. ನಾವು ಬೇಡ ಅನ್ನಲಿಲ್ಲ, ನಾವೂ ಪಾಸ್‌ಪೋರ್ಟ್ ಫೈಲು ಮಹಡೀಲೇ ಇಟ್ಟಿದ್ವಿ.

ಈಗ ಯಾರಾದ್ರೂ ಈ ಕಡೆ ಮನೆ ನೋಡ್ತಿದ್ರೆ ನಾನು ಕೇಳೋದು ಎರಡೇ, ಹಿನ್ನೀರು ನಿಲ್ಲೋ ಜಾಗನಾ ಅಂತ ಲೇಔಟ್ ಪ್ಲಾನಿನ ಸಣ್ಣಕ್ಷರ ಓದಿದ್ರಾ, ಫ್ಲಡ್ ಪಾಲಿಸಿ ಮಾಡಿಸಿದ್ರಾ. ಸಾಮಾನ್ಯವಾಗಿ ಪಾಲಿಸಿ ಜಾರಿಗೆ ಬರೋಕೆ 30 ದಿನ ಬೇಕು, ಮೆಕ್ಸಿಕೋ ಕೊಲ್ಲಿಯಲ್ಲಿ ಚಂಡಮಾರುತ ಟಿವಿಲಿ ಕಂಡ್ಮೇಲೆ ಫೋನ್ ಮಾಡಿದ್ರೆ ಉಪಯೋಗ ಇಲ್ಲ.