ಮೊದಲು ತೂತು, ಆಮೇಲೆ ರೂಪ

ಕೈಯಲ್ಲಿ ಮಾಡಿದ, ತಂಬಾಕು ಸೇದುವ ಪೈಪ್ ನೋಡಿದವರೆಲ್ಲ ಮೊದಲು ಮೆಚ್ಚುವುದು ಮೈಮೇಲಿನ ಮರದ ಗೆರೆಗಳನ್ನು. ನಾನು ಮಾತ್ರ ಪೈಪ್ ಕೈಗೆ ಸಿಕ್ಕರೆ ಮೊದಲು ಬೌಲ್, ಅಂದರೆ ತಂಬಾಕು ತುಂಬುವ ಬಟ್ಟಲಿನ ಒಳಗೆ ಇಣುಕುತ್ತೇನೆ. ಹೊಗೆ ಹೋಗುವ ತೂತು ತಳದಲ್ಲೇ, ನಟ್ಟನಡುವೆ ಬಂದು ಸೇರಿದೆಯಾ? ಅದು ಮೇಲೆ ಬಿದ್ದಿದ್ದರೆ ತಳದ ತಂಬಾಕು ಉರಿಯದೆ ಒದ್ದೆಯಾಗಿ ಉಳಿಯುತ್ತದೆ. ಆಮೇಲೆ ಎಷ್ಟು ಚಂದ ಪಾಲಿಶ್ ಮಾಡಿ ಏನು ಪ್ರಯೋಜನ?

ತಂಬಾಕು ಆರೋಗ್ಯಕ್ಕೆ ಕೆಟ್ಟದ್ದು, ಅದರಲ್ಲಿ ಎರಡು ಮಾತಿಲ್ಲ. ನನ್ನನ್ನು ಹಿಡಿದಿಟ್ಟಿರುವುದು ಮರ.

ನಾನು ಬಳಸುವುದು ಬ್ರಯರ್. ಮೆಡಿಟರೇನಿಯನ್ ಸುತ್ತಮುತ್ತ ಬೆಳೆಯುವ ಎರಿಕಾ ಅರ್ಬೋರಿಯಾ ಗಿಡದ ಬುಡದಲ್ಲಿ, ಕಾಂಡ ಮತ್ತು ಬೇರು ಸೇರುವ ಕಡೆ, ದೊಡ್ಡ ಗಂಟು ಕಟ್ಟುತ್ತದೆ. ಬೇಕಾದದ್ದು ಆ ಗಂಟೇ. ತುಂಬ ಗಟ್ಟಿ, ಶಾಖ ತಾಳುತ್ತದೆ, ಸುಲಭಕ್ಕೆ ಹೊತ್ತಿಕೊಳ್ಳುವುದಿಲ್ಲ. ಹಸಿ ಇರುವಾಗಲೇ ಕೊಯ್ದು, ಗಂಟೆಗಟ್ಟಲೆ ನೀರಿನಲ್ಲಿ ಕುದಿಸಿ ರಸ ತೆಗೆದು, ಆಮೇಲೆ ತಿಂಗಳುಗಟ್ಟಲೆ ನಿಧಾನವಾಗಿ ಒಣಗಿಸುತ್ತಾರೆ. ಅವಸರ ಮಾಡಿದರೆ ಮರ ಸೀಳುತ್ತದೆ. ಫ್ರಾನ್ಸಿನ ಸೇಂಟ್ ಕ್ಲೋಡ್ ಊರು 19ನೇ ಶತಮಾನದಿಂದಲೂ ಈ ಮರದ ಪೈಪಿಗೆ ಹೆಸರುವಾಸಿ.

ನಾನು ತರಿಸುವುದು ಇಟಲಿಯ ಪ್ಲಾಟೋ ತುಂಡುಗಳನ್ನು. ಇದು ಗಂಟಿನ ಹೊರಭಾಗ, ಒಂದು ಮುಖ ಒರಟಾಗಿಯೇ ಇರುತ್ತದೆ. ಗೆರೆಗಳು ಒಳಗಿನಿಂದ ಆ ಒರಟು ಮುಖದ ಕಡೆ ಹರಿಯುತ್ತವೆ. ಬೌಲಿನ ಬಾಯಿ ಅತ್ತ ಬರುವಂತೆ ಗುರುತು ಹಾಕಿದರೆ ಗೆರೆಗಳು ಸುತ್ತಲೂ ನೇರ ಮೇಲಕ್ಕೆ ಏರುತ್ತವೆ, ತಳದಲ್ಲಿ ಹಕ್ಕಿಯ ಕಣ್ಣಿನಂಥ ಚುಕ್ಕೆಗಳು ಕಾಣುತ್ತವೆ. ತುಂಡಿಗೆ ನೀರು ಸವರಿ ನೋಡಿ, ಗೆರೆ ಎದ್ದು ಕಾಣುತ್ತದೆ. ಪೆನ್ಸಿಲ್ ಹಿಡಿಯುವುದು ಆಮೇಲೆ.

ಡೆನ್ಮಾರ್ಕಿನ ಪೈಪ್ ತಯಾರಕ ಸಿಕ್ಸ್ಟನ್ ಇವಾರ್ಸನ್ ಮೊದಲು ರೂಪ ಕೊಟ್ಟು ಆಮೇಲೆ ತೂತು ಕೊರೆಯುವ ದಾರಿ ಹಾಕಿಕೊಟ್ಟವರು. ಅವರ ಕೈಯಲ್ಲಿ ಮರವೇ ರೂಪ ಹೇಳುತ್ತಿತ್ತು. ನನಗೆ ಅವರ ಮೇಲೆ ಅಪಾರ ಗೌರವ. ಆದರೂ ನಾನು ಮೊದಲು ತೂತು ಕೊರೆಯುತ್ತೇನೆ. ತುಂಡು ಚೌಕಾಕಾರ ಇರುವಾಗ ಲೇತಿನಲ್ಲಿ ಭದ್ರವಾಗಿ ಕೂರುತ್ತದೆ, ಅಳತೆ ತಪ್ಪುವುದಿಲ್ಲ.

ಮೊದಲು ಸ್ಟೆಮ್, ಅಂದರೆ ಬಾಯಲ್ಲಿ ಕಚ್ಚುವ ಕೊಳವೆ ಕೂರುವ ಗುಳಿ. ಆಮೇಲೆ 4 ಮಿ.ಮೀ. ದಪ್ಪದ ಉದ್ದನೆಯ ಡ್ರಿಲ್ ಬಿಟ್ಟಿನಿಂದ ಹೊಗೆಯ ದಾರಿ. ಕೊನೆಗೆ ತುದಿ ಗುಂಡಗಿರುವ ಬಿಟ್ ಹಾಕಿ ಸುಮಾರು 20 ಮಿ.ಮೀ. ಅಗಲದ ಬೌಲ್. ತಳ ಹತ್ತಿರ ಬಂದಾಗ ನಾನು ಆತುರಪಡುವುದಿಲ್ಲ. ಸ್ವಲ್ಪ ಕೊರೆಯುತ್ತೇನೆ, ಪುಡಿ ಊದುತ್ತೇನೆ, ಟಾರ್ಚ್ ಹಾಕಿ ನೋಡುತ್ತೇನೆ. ಗೋಡೆಯ ಬುಡದಲ್ಲಿ ಮೊದಲು ಸಣ್ಣ ಅರ್ಧಚಂದ್ರ ಕಾಣುತ್ತದೆ. ಅದು ಪೂರ್ತಿ ತೆರೆದು ತಳಕ್ಕೆ ತಾಗಿದಾಗ ನಿಲ್ಲಿಸಬೇಕು. ಇನ್ನೂ ಇಳಿದರೆ ತಳ ತೆಳುವಾಗಿ ಸುಟ್ಟು ತೂತಾಗುವ ಭಯ.

ಹೊರಗಿನ ಕೆಲಸ ಅರ ಮತ್ತು ಉಪ್ಪುಕಾಗದದ್ದು. ಉಜ್ಜುತ್ತಾ ಹೋದಂತೆ ಬ್ರಯರಿನಲ್ಲಿ ಸಣ್ಣ ಗುಳಿಗಳು ಹೊರಬರುವುದು ಮಾಮೂಲಿ. ಪುಟ್ಟಿ ಮೆತ್ತಿ ಮುಚ್ಚುವುದು ನನಗೆ ಇಷ್ಟವಿಲ್ಲ. ಚಿಕ್ಕದಾದರೆ ಹಾಗೇ ಬಿಡುತ್ತೇನೆ, ದೊಡ್ಡದಾದರೆ ಮೈಯನ್ನೇ ಒರಟಾಗಿ ಕೆತ್ತುತ್ತೇನೆ. ಗಾಢ ಬಣ್ಣ ಹಚ್ಚಿ ಉಜ್ಜಿ ತೆಗೆದು, ಮೇಲೆ ತಿಳಿ ಬಣ್ಣ ಕೊಟ್ಟರೆ ಗೆರೆಗಳು ಜೀವ ತುಂಬಿಕೊಳ್ಳುತ್ತವೆ. ಕೊನೆಗೆ ಕಾರ್ನಬಾ ಮೇಣ, ಅಷ್ಟೇ. ವಾರ್ನಿಶ್ ಬೇಡ, ಬಿಸಿಗೆ ಗುಳ್ಳೆ ಏಳಬಹುದು.

ಸ್ಟೆಮ್‌ಗೆ ಎಬೊನೈಟ್, ಅಂದರೆ ಗಂಧಕ ಸೇರಿಸಿ ಗಟ್ಟಿ ಮಾಡಿದ ರಬ್ಬರ್. ಬಿಸಿಲಿಗಿಟ್ಟರೆ ಹಸಿರುಗಂದು ಬಣ್ಣಕ್ಕೆ ತಿರುಗುತ್ತದೆ, ನಿಜ. ಆದರೆ ಅಕ್ರಿಲಿಕ್‌ಗಿಂತ ಹಲ್ಲಿಗೆ ಮೆತ್ತಗೆ. ಕಚ್ಚುವ ಜಾಗ ಸುಮಾರು 4 ಮಿ.ಮೀ. ದಪ್ಪಕ್ಕೆ ಬರುವವರೆಗೂ ಅರದಿಂದ ತಿಕ್ಕಬೇಕು. ತಿಕ್ಕುವಾಗ ಗಂಧಕದ ವಾಸನೆ ಜೋರು. ಧೂಳಿಗಾಗಿ ಮಾಸ್ಕ್ ಹಾಕಲೇಬೇಕು.

ಜೋಡಿಸಿದ ಮೇಲೆ ಪೈಪ್ ಕ್ಲೀನರ್, ಅಂದರೆ ಒಳಗನ್ನು ಶುಚಿ ಮಾಡುವ ನಾರು ಸುತ್ತಿದ ತಂತಿ ತೂರಿಸಿ ನೋಡುತ್ತೇನೆ. ಸ್ಟೆಮ್ ಬಿಚ್ಚದೆಯೇ ಅದು ಬೌಲ್ ತನಕ ಹೋಗಬೇಕು. ಆಮೇಲೆ ಖಾಲಿ ಪೈಪನ್ನು ಬಾಯಿಗಿಟ್ಟು ಗಾಳಿ ಎಳೆದು ನೋಡುತ್ತೇನೆ. ಸಿಳ್ಳೆ ಕೇಳಿಸಿದರೆ ಒಳಗೆ ಎಲ್ಲೋ ಗಾಳಿ ತಡವರಿಸುತ್ತಿದೆ. ಹೆಚ್ಚಾಗಿ ಸ್ಟೆಮ್ಮಿನ ತುದಿಗೂ ಗುಳಿಯ ತಳಕ್ಕೂ ನಡುವೆ ಸಂದಿ ಜಾಸ್ತಿ ಇರುತ್ತದೆ. ಅಲ್ಲಿಂದಲೇ ಹುಡುಕಲು ಶುರು ಮಾಡಿ.