ಪವರ್ ಲಾ ಪರೀಕ್ಷೆಗೆ ಕೃತಕ ದತ್ತಾಂಶ: ನಾನು ಮಾಡುವ ಬಗೆ

ಲಾಗ್-ಲಾಗ್ ಗ್ರಾಫಿನಲ್ಲಿ ಬಿಂದುಗಳು ನೇರ ಗೆರೆಯಲ್ಲಿ ಕೂತ ಮಾತ್ರಕ್ಕೆ ಅದು ಪವರ್ ಲಾ (ಬೆಲೆ ದೊಡ್ಡದಾದಂತೆ ಅದು ಸಿಗುವ ಸಂಭವ ಒಂದು ನಿಶ್ಚಿತ ಘಾತದ ಪ್ರಕಾರ ಇಳಿಯುವ ಹಂಚಿಕೆ) ಆಗುವುದಿಲ್ಲ. ಲಾಗ್-ನಾರ್ಮಲ್ (ಲಾಗ್ ತೆಗೆದರೆ ಗಂಟೆಯಾಕಾರದ ನಾರ್ಮಲ್ ಆಗುವ ಹಂಚಿಕೆ) ಕೂಡ ಸಾಕಷ್ಟು ದೂರ ಹಾಗೇ ಕಾಣುತ್ತದೆ. ಆದ್ದರಿಂದ ಕ್ಲಾಸೆಟ್, ಶಲೀಜಿ, ನ್ಯೂಮನ್ 2009ರಲ್ಲಿ ಪ್ರಕಟಿಸಿದ ವಿಧಾನವನ್ನೇ ನಾನು ಬಳಸುತ್ತೇನೆ.

ಪವರ್ ಲಾ ಅನ್ವಯಿಸುವ ದೊಡ್ಡ ಬೆಲೆಗಳ ಭಾಗವೇ ಬಾಲ; ಅದು ಶುರುವಾಗುವ ಬೆಲೆ ಎಕ್ಸ್‌ಮಿನ್. ಬಾಲದ ಪ್ರತಿ ಬೆಲೆಯನ್ನು ಅದರಿಂದ ಭಾಗಿಸಿ, ನ್ಯಾಚುರಲ್ ಲಾಗ್ ತೆಗೆದು ಕೂಡಿಸಬೇಕು. ಬಾಲದಲ್ಲಿರುವ ಬೆಲೆಗಳ ಸಂಖ್ಯೆಯನ್ನು ಆ ಮೊತ್ತದಿಂದ ಭಾಗಿಸಿ 1 ಸೇರಿಸಿದರೆ ಆಲ್ಫಾ, ಅಂದರೆ ಪವರ್ ಲಾದ ಘಾತ. ಯಾವ ಎಕ್ಸ್‌ಮಿನ್‌ಗೆ ಕೊಲ್ಮೊಗೊರೊವ್-ಸ್ಮಿರ್ನೋವ್ ಅಂತರ (ದತ್ತಾಂಶದ ಮತ್ತು ಮಾದರಿಯ ಸಂಚಿತ ಹಂಚಿಕೆಗಳ ನಡುವಿನ ಅತಿ ದೊಡ್ಡ ವ್ಯತ್ಯಾಸ) ಅತಿ ಕಡಿಮೆಯೋ ಅದನ್ನೇ ಉಳಿಸಿಕೊಳ್ಳುತ್ತೇನೆ.

ಇನ್ನು ಕೃತಕ ದತ್ತಾಂಶ: ಪವರ್ ಲಾ ನಿಜವಾಗಿದ್ದರೂ ಇಷ್ಟು ಅಂತರ ಆಕಸ್ಮಿಕವಾಗಿ ಬರಬಹುದೇ ಎಂದು ಹೋಲಿಸಿ ನೋಡಲು ಇದು ಬೇಕು. ಒಟ್ಟು 5000 ಬೆಲೆಗಳಲ್ಲಿ ಬಾಲದಲ್ಲಿ 800 ಇವೆ ಅನ್ನಿ. ಪ್ರತಿ ಹೊಸ ಬೆಲೆಗೂ 0.16 ಸಂಭವನೀಯತೆಯಲ್ಲಿ ಪವರ್ ಲಾದಿಂದ ಸಂಖ್ಯೆ ಹುಟ್ಟಿಸುತ್ತೇನೆ. ಇಲ್ಲದಿದ್ದರೆ ಎಕ್ಸ್‌ಮಿನ್‌ಗಿಂತ ಕೆಳಗಿನ ಅಸಲಿ ಬೆಲೆಗಳಲ್ಲೊಂದನ್ನು ಯಾದೃಚ್ಛಿಕವಾಗಿ ಎತ್ತಿಕೊಳ್ಳುತ್ತೇನೆ. ಬಾಲವನ್ನು ಸರಿಯಾಗಿ 800ಕ್ಕೇ ಕಟ್ಟಿಹಾಕಬಾರದು, ಅದೂ ಏರಿಳಿಯಬೇಕು.

ಪವರ್ ಲಾದಿಂದ ಸಂಖ್ಯೆ ಹುಟ್ಟಿಸುವ ಸೂತ್ರ ಸರಳ: 0 ಮತ್ತು 1ರ ನಡುವಿನ ಯಾದೃಚ್ಛಿಕ ಸಂಖ್ಯೆಯನ್ನು 1ರಿಂದ ಕಳೆದು, ಮೈನಸ್ 1 ಭಾಗಿಸು (ಆಲ್ಫಾ ಮೈನಸ್ 1) ಎಂಬ ಘಾತಕ್ಕೆ ಏರಿಸಿ, ಎಕ್ಸ್‌ಮಿನ್‌ನಿಂದ ಗುಣಿಸುವುದು. ಆಲ್ಫಾ 2.5, ಎಕ್ಸ್‌ಮಿನ್ 10 ಇದ್ದು 0.999 ಬಂದರೆ ಬೆಲೆ 1000. 1ರಿಂದ ಕಳೆಯಲು ಮರೆಯಬೇಡಿ: ಹೆಚ್ಚಿನ ಜನರೇಟರ್‌ಗಳು 0 ಕೊಡಬಲ್ಲವು, ಕಳೆಯದಿದ್ದರೆ ಆಗ ಬೆಲೆ ಅನಂತ. 32 ಬಿಟ್ ಫ್ಲೋಟ್ ಕೂಡ ಬೇಡ; ಅದರಲ್ಲಿ ಬಾಲದ ತುದಿ ಮೊಟಕಾಗುತ್ತದೆ. ಪೂರ್ಣಾಂಕ ಬೇಕಿದ್ದರೆ ಎಕ್ಸ್‌ಮಿನ್‌ನಿಂದ 0.5 ಕಳೆದು ಇದೇ ಸೂತ್ರ ಹಾಕಿ, 0.5 ಕೂಡಿಸಿ ಕೆಳಕ್ಕೆ ಕತ್ತರಿಸುತ್ತೇನೆ. ಎಕ್ಸ್‌ಮಿನ್ 1 ಅಥವಾ 2 ಇದ್ದಾಗ ಈ ಅಂದಾಜು ಕೈಕೊಡುತ್ತದೆ. ಅಲ್ಲಿ ಝೀಟಾ ಫಂಕ್ಷನ್ ಬಳಸಿ ನಿಖರವಾಗಿಯೇ ಲೆಕ್ಕ ಹಾಕಬೇಕು.

ಎಲ್ಲಕ್ಕಿಂತ ಮುಖ್ಯವಾದದ್ದು ಮುಂದಿನ ಹಂತ. ಪ್ರತಿ ಕೃತಕ ಗುಂಪಿಗೂ ಎಕ್ಸ್‌ಮಿನ್, ಆಲ್ಫಾ ಎರಡನ್ನೂ ಮೊದಲಿನಿಂದ ಹುಡುಕಿಯೇ ಅಂತರ ಅಳೆಯಬೇಕು. ಅಸಲಿ ದತ್ತಾಂಶದ ಅಂತರ ಕಡಿಮೆ ಬಂದಿರುವುದೇ ಹಾಗೆ ಹೊಂದಿಸಿಕೊಂಡಿದ್ದರಿಂದ. ಹಳೆಯ ಬೆಲೆಗಳನ್ನೇ ಇಟ್ಟರೆ ಕೃತಕ ಗುಂಪುಗಳ ಅಂತರ ಸುಮ್ಮನೆ ದೊಡ್ಡದಾಗಿ, ಪಿ-ಬೆಲೆ (ಅಸಲಿಗಿಂತ ಹೆಚ್ಚು ಅಂತರ ಬಂದ ಗುಂಪುಗಳ ಪಾಲು) ಉಬ್ಬಿ, ಕೆಟ್ಟ ಮಾದರಿಯೂ ಪಾಸಾಗುತ್ತದೆ. ಸಮಯ ಉಳಿಸಲು ಇದನ್ನು ಬಿಡುವವರಿದ್ದಾರೆ, ದಯವಿಟ್ಟು ಬಿಡಬೇಡಿ.

ಪಿ-ಬೆಲೆ 0.01ರಷ್ಟು ನಿಖರವಾಗಿರಲು 2500 ಗುಂಪುಗಳು ಬೇಕು. ಹಲವು ಕೋರ್‌ಗಳಲ್ಲಿ ಓಡಿಸುವಾಗ ಪ್ರತಿಯೊಂದಕ್ಕೂ ಬೇರೆ ಸೀಡ್ (ಜನರೇಟರ್ ಶುರುವಾಗುವ ಸಂಖ್ಯೆ) ಕೊಡಿ, ಇಲ್ಲದಿದ್ದರೆ ಒಂದೇ ಗುಂಪು ಮತ್ತೆ ಮತ್ತೆ ಬರುತ್ತದೆ. ಈ ಪಿ-ಬೆಲೆ 0.1 ಅಥವಾ ಅದಕ್ಕಿಂತ ಕಡಿಮೆ ಬಂದರೆ ಪವರ್ ಲಾ ಕೈಬಿಡುತ್ತೇನೆ.

ಹೆಚ್ಚು ಬಂದರೂ ನಿಲ್ಲಿಸುವುದಿಲ್ಲ. ಅಷ್ಟೇ ಗಾತ್ರದ ಲಾಗ್-ನಾರ್ಮಲ್ ದತ್ತಾಂಶ ಹುಟ್ಟಿಸಿ ಇದೇ ಪರೀಕ್ಷೆಗೆ ಒಡ್ಡುತ್ತೇನೆ. ಬಾಲದಲ್ಲಿ ನೂರಕ್ಕಿಂತ ಕಡಿಮೆ ಬೆಲೆಗಳಿದ್ದರೆ ಅದೂ ಬಹಳ ಸಲ ಪಾಸಾಗುತ್ತದೆ.